ತೊಲೆಯ ಸಂಬಳ

ತಿಂಗಳ ಮೊದಲ ಭಾನುವಾರ ವಠಾರದಮ್ಮನ ಬಲಗಿವಿ ಬೋಳಾಗಿರುತ್ತಿತ್ತು. ಎಡಗಿವಿಯಲ್ಲಿ ಕೆಂಪು ಹರಳಿನ ಓಲೆ. ಬಲಗಿವಿಯಲ್ಲಿ ವರ್ಷಗಟ್ಟಲೆ ಅಂಥದೇ ಓಲೆ ಹೊತ್ತು ಹಿಗ್ಗಿ ಜೋತುಬಿದ್ದ ತೂತು ಮಾತ್ರ. ಬಿಚ್ಚಿದ ಓಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ತಮಗಿಂತ ಎತ್ತರದ ಬಿದಿರು ಗಳವೊಂದನ್ನು ಹಿಡಿದು, ವಠಾರದ ಎಂಟು ಮನೆಗಳ ಹೊಸಿಲಲ್ಲೂ ನಿಂತು "ಒಳೀಕೆ ಬರ್ಲಾ?" ಎಂದು ಕೇಳುತ್ತಿದ್ದರು. ಬಾಡಿಗೆಗೆ ಬಂದರೆಂದು ಹೊಸಬರು ದುಡ್ಡು ಹಿಡಿದು ನಿಂತರೆ, "ಅದು ಆಮ್ಯಾಕೆ" ಎಂದು ಅವರನ್ನು ಪಕ್ಕಕ್ಕೆ ಸರಿಸಿ, ತಲೆಯೆತ್ತಿ, ಗಳದ ತುದಿಯಿಂದ ಸೂರಿನ ತೊಲೆಯನ್ನು ಬಡಿಯುತ್ತಿದ್ದರು. ಈ ತುದಿಗೊಂದು ಏಟು, ನಡುವೆ ಒಂದು, ಆ ತುದಿಗೊಂದು. ಪ್ರತಿ ಏಟಿಗೂ ಕಣ್ಣು ಮುಚ್ಚಿ, ಬಲಗಿವಿಯನ್ನು ಮೇಲಕ್ಕೆ ತಿರುಗಿಸಿ ಸ್ವಲ್ಪ ಹೊತ್ತು ನಿಲ್ಲುವರು. ಓಲೆ ಯಾಕೆ ಬಿಚ್ಚುತ್ತೀರೆಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದಿಷ್ಟು: "ಓಲೆ ಇದ್ರೆ ಕಿವಿ ತುಂಬ್ಕೊಂಡಿರ್ತದೆ ಕಣವ್ವ. ಮರ ಮಾತಾಡಿದ್ದು ಕೇಳಾಕಿಲ್ಲ."

ಮದುವೆಯಾಗಿ ನಾನು ಆ ವಠಾರದ ಮೂರನೆಯ ಮನೆಗೆ ಬಂದಾಗ ಎಪ್ಪತ್ತರ ದಶಕ ಇನ್ನೇನು ಮುಗಿಯುತ್ತಿತ್ತು. ಚಾಮರಾಜಪೇಟೆಯ ಒಂದು ಅಡ್ಡರಸ್ತೆ. ಮಾರ್ಕೆಟ್ಟಿನ ಕಡೆ ಹೋಗುವ ಹೂವಿನ ಗಾಡಿಗಳ ಸದ್ದಿಗೇ ಬೆಳಗಾಗುತ್ತಿತ್ತು. ಎದುರುಬದುರು ನಾಲ್ಕು ನಾಲ್ಕು ಮನೆ, ನಡುವೆ ಚಪ್ಪಡಿ ಕಲ್ಲಿನ ಅಂಗಳ, ಹಿಂದೆ ಬಾವಿ ಮತ್ತು ನಲ್ಲಿ. ರಸ್ತೆಯ ಕಡೆ ಅವರದೇ ಎರಡು ಕೋಣೆಯ ಮನೆ. ಎಲ್ಲರಿಗೂ ಅವರು ವಠಾರದಮ್ಮ. ಅವರ ಗಂಡ ಮಾಗಡಿ ಕಡೆಯ ಹಳ್ಳಿಯಿಂದ ಬಂದು ಮನೆ ಕಟ್ಟುವ ಮೇಸ್ತ್ರಿಯಾದವರು. ಊರಿನ ಹೊಲ ಮಾರಿ ಈ ವಠಾರ ಎಬ್ಬಿಸಿದ್ದರು. ಆ ಕಾಲದ ತಾರಸಿಯೆಂದರೆ ಗೊತ್ತಲ್ಲ, ಗೋಡೆಯಿಂದ ಗೋಡೆಗೆ ಒಂದು ದಪ್ಪ ಮರದ ತೊಲೆ, ಅದರ ಮೇಲೆ ಅಡ್ಡಡ್ಡ ಜಂತೆಗಳ ಸಾಲು, ಜಂತೆಯ ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಗಾರೆ. ಕೋಣೆಯ ತಲೆಭಾರವೆಲ್ಲ ಆ ಒಂದು ತೊಲೆಯದು. ಮೇಸ್ತ್ರಿ ಸಾಯುವ ಮುಂಚೆ ಹೆಂಡತಿಗೆ ಎರಡು ವಿದ್ಯೆ ಕಲಿಸಿ ಹೋಗಿದ್ದರಂತೆ. ತೊಲೆಯ ಸದ್ದು ಕೇಳುವುದು ಒಂದು. ಇನ್ನೊಂದು, ಬಾಡಿಗೆಯನ್ನು ಪಾಲು ಮಾಡುವುದು.

ಎಂಟು ಮನೆ ಬಡಿದು ಮುಗಿದ ಮೇಲೆ ಅವರು ಜಗಲಿಯ ಮೇಲೆ ಕೂರುತ್ತಿದ್ದರು. ಪಕ್ಕದಲ್ಲಿ ಮೂರು ತಗಡಿನ ಡಬ್ಬ. ನಮ್ಮ ಬಾಡಿಗೆ ಅರವತ್ತು ರೂಪಾಯಿ. ಮೊದಲ ತಿಂಗಳು ನಾನೇ ಹೋಗಿ ಆರು ನೋಟು ಕೊಟ್ಟೆ. ಅದರಲ್ಲೊಂದನ್ನು ಕಣ್ಣಿಗೊತ್ತಿಕೊಂಡು ದೊಡ್ಡ ಡಬ್ಬಕ್ಕೆ ಹಾಕಿದರು. ಉಳಿದದ್ದು ಸೊಂಟದ ಚೀಲಕ್ಕೆ ಹೋಯಿತು.

"ಅದೊಂದ್ಯಾಕಮ್ಮ ಬೇರೆ?"

"ಅದು ನಿಮ್ಮನೆ ಸಂಬಳ."

"ನಮ್ಮನೆಗೆ ಸಂಬಳಾನಾ?"

"ನಿನ್ ಯಜಮಾನ ಕಾರ್ಖಾನೇಲಿ ದುಡೀತಾನೆ, ಸಂಬಳ ಇಸ್ಕೊತಾನೆ. ಈ ಮನೆ ಹಗಲೂ ರಾತ್ರಿ ನಿಂತ್ಕೊಂಡೇ ದುಡೀತದೆ. ಯಾವತ್ತಾದ್ರೂ ಕೂತಿದ್ದು ನೋಡಿದೀಯಾ? ಅದಕ್ಕೆ ಕೊಡ್ದೆ ನಾನೊಬ್ಳೇ ತಿಂದ್ರೆ, ಒಂದಿನ ಅದೂ ಕೂತ್ಕೊಂಡ್ಬುಡ್ತದೆ."

ಸಣ್ಣ ಡಬ್ಬಗಳಲ್ಲಿ ಒಂದು ಬಾವಿ ನಲ್ಲಿಗೆ, ಇನ್ನೊಂದು ಸುಣ್ಣ ಬಾಗಿಲಿಗೆ. ಓದು ಬರಹ ಬಾರದ ಅವರ ತಲೆಯಲ್ಲಿ ಪ್ರತಿಯೊಂದರ ಆಯಸ್ಸೂ ಇತ್ತು. ಹಗ್ಗಕ್ಕೆ ಒಂದು ವರ್ಷ, ಸುಣ್ಣಕ್ಕೆ ಎರಡು, ಬಚ್ಚಲ ಬಾಗಿಲಿಗೆ ಎಂಟು. "ಇಂಥಿಂಥದ್ದು ಇಂಥ ದಿನ ಸಾಯ್ತದೆ ಅಂತ ಗೊತ್ತಿದ್ಮ್ಯಾಲೆ, ಸತ್ತ ದಿನ ಹೋಗಿ ಯಾಕವ್ವ ಸಾಲ ಕೇಳ್ಬೇಕು?" ಎನ್ನುವರು. ತೊಲೆಗೆ ಎಷ್ಟು ವರ್ಷ ಎಂದರೆ ಮಾತ್ರ ತಲೆಯಾಡಿಸುವರು. "ಅದು ಹೇಳಿ ಸಾಯಾಕಿಲ್ಲ. ಅದಕ್ಕೇ ಬಡಿಯಾದು."

ಬಾವಿಯ ಹಿಂದೆ, ತಗಡಿನ ಮಾಡಿನ ಕೆಳಗೆ, ನಾಲ್ಕು ಕಲ್ಲುಗಳ ಮೇಲೆ ಒಂದು ಉದ್ದದ ಹೊನ್ನೆ ಮರ ಮಲಗಿತ್ತು. ವಠಾರದ ಹೆಂಗಸರ ಸಂಜೆಯೆಲ್ಲ ಅದರ ಮೇಲೇ. ಅವರೆ ಸುಲಿಯುವುದು, ಮಕ್ಕಳ ಜಡೆ ಹೆಣೆಯುವುದು, ಇಲ್ಲದವರ ವಿಷಯ ಮಾತಾಡುವುದು. ವರ್ಷಕ್ಕೊಮ್ಮೆ ಯುಗಾದಿಯ ಮರುದಿನ ವಠಾರದಮ್ಮ ಗಂಡಸರನ್ನೆಲ್ಲ ಕರೆದು ಆ ಮರದ ಮಗ್ಗುಲು ಬದಲಿಸುತ್ತಿದ್ದರು. ಆಮೇಲೆ ಎಲ್ಲರಿಗೂ ಪಾನಕ. ನಮ್ಮನೆಯವರು ಮೊದಲ ವರ್ಷ ಹೆಗಲು ಕೊಟ್ಟು ಬಂದು, "ಆಯಮ್ಮನಿಗೆ ಮರದ್ದೇ ಬಾಣಂತನ" ಎಂದು ನಕ್ಕರು. ಅದು ಯಾತಕ್ಕೆಂದು ನಾವು ಯಾರೂ ಕೇಳಲಿಲ್ಲ. ಮೇಸ್ತ್ರಿಯ ಕಾಲದ್ದು, ಮಾರುವುದಕ್ಕೆ ಮನಸ್ಸಿಲ್ಲ ಎಂದುಕೊಂಡಿದ್ದೆವು. ಒಬ್ಬ ಹೋಟೆಲಿನವನು ಬಂದು ಒಳ್ಳೆಯ ಬೆಲೆಗೇ ಕೇಳಿದ. "ಅದು ಕೆಲಸಕ್ಕೆ ಸೇರಿಬುಟ್ಟೈತೆ ಕಣಪ್ಪ" ಎಂದು ಕಳಿಸಿಬಿಟ್ಟರು.

ಇಷ್ಟೆಲ್ಲ ಕಾಯುವವರ ಸ್ವಂತ ಮನೆ ಹೇಗಿತ್ತೆಂದರೆ, ಮಳೆಗಾಲದಲ್ಲಿ ಅಡುಗೆ ಕೋಣೆಯಲ್ಲಿ ಮೂರು ಪಾತ್ರೆ ಇಟ್ಟು ಅದರ ನಡುವೆ ಕೂತು ಮುದ್ದೆ ತಿರುವಬೇಕು. ಪಕ್ಕದಲ್ಲೇ ಡಬ್ಬ ಇದೆ, ದುಡ್ಡಿದೆ. ತೆಗೆದು ಗಾರೆ ಹಾಕಿಸಬಾರದೇ ಎಂದರೆ, "ನನ್ ಮನೆ ಬಾಡಿಗೆ ತರ್ತದಾ? ದುಡೀದವರಿಗೆ ಎಲ್ಲಿ ಸಂಬಳ? ಸೋರ್ಲಿ ಬುಡು" ಎನ್ನುವರು. ಇದು ಜಿಪುಣತನವೋ ಹುಚ್ಚೋ ನನಗೆ ಆಗ ತಿಳಿಯುತ್ತಿರಲಿಲ್ಲ.

ಮೂರನೆಯ ವರ್ಷ ನನಗೆ ಮಗಳು ಹುಟ್ಟಿದಳು. ತವರಿನಿಂದ ಮಗು ಎತ್ತಿಕೊಂಡು ಬಂದು ಹದಿನೈದು ದಿನವಾಗಿರಬೇಕು. ಮುಂದಿನ ಕೋಣೆ ಗುಡಿಸುವಾಗ, ಗೋಡೆಯ ಬುಡದಲ್ಲಿ ಒಂದು ಚಿಟಿಕೆ ಪುಡಿ ಕಂಡಿತು. ತೌಡಿನ ಬಣ್ಣ. ಗುಡಿಸಿ ಹಾಕಿದೆ. ಮರುದಿನ ಅದೇ ಜಾಗದಲ್ಲಿ ಮತ್ತೆ ಅಷ್ಟೇ ಪುಡಿ. ತಲೆಯೆತ್ತಿ ನೋಡಿದರೆ, ತೊಲೆ ಗೋಡೆಯೊಳಗೆ ಸೇರುವ ಕಡೆ, ಬಣ್ಣದ ಮೇಲೆ ಹುಳು ಕೊರೆದ, ಸಾಸಿವೆ ಕಾಳಿನಷ್ಟು ತೂತುಗಳು.

ನಮ್ಮನೆಯವರಿಗೆ ತೋರಿಸಿದೆ. ವಠಾರದಮ್ಮನಿಗೆ ಹೇಳೋಣ ಎಂದೆ. ಅವರು ಹೂಂ ಎಂದವರು, ಸಂಜೆ ಐದನೆಯ ಮನೆಯ ಗುಮಾಸ್ತರ ಹತ್ತಿರ ಮಾತಾಡಿ ಬಂದ ಮೇಲೆ ಮುಖ ಬಿಗಿದುಕೊಂಡರು. ಗುಮಾಸ್ತರು ಕೋರ್ಟಿನಲ್ಲಿ ಕೆಲಸ ಮಾಡುವವರು. ವಠಾರದ ಗಂಡಸರಿಗೆಲ್ಲ ಕಾನೂನು ಹೇಳುವವರು ಅವರೇ. ಮರುದಿನ ಅವರೇ ನಮ್ಮ ಮನೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ಬಾಡಿಗೆದಾರರನ್ನ ಸುಮ್ಮನೆ ಎಬ್ಬಿಸೋಕೆ ಕಾನೂನು ಬಿಡಲ್ಲ ನೋಡಿ. ಅದಕ್ಕೆ ಓನರುಗಳು ಏನ್ಮಾಡ್ತಾರೆ, ರಿಪೇರಿ ಅಂತಾರೆ. ಸಾಮಾನು ಒಂದ್ಸಲ ಆಚೆ ಬಂತೋ, ಅವರ ಬೀಗ ಬಿತ್ತು. ದಿನಾ ನೋಡ್ತೀನಿ ನಾನು, ಒಂದು ದಿನ ಅಲ್ಲ. ಈಗ ಈ ಏರಿಯಾದಲ್ಲಿ ಹೊಸಬರಿಗೆ ಇದೇ ಮನೆ ಇನ್ನೂರಕ್ಕೆ ಹೋಗುತ್ತೆ. ಆಯಮ್ಮನೂ ಮನುಷ್ಯಳೇ ತಾನೇ?"

"ನಮ್ಮ ವಠಾರದಮ್ಮ ಅಂಥವರಲ್ಲ" ಎಂದೆ.

"ಯಾರೂ ಅಂಥವರಾಗಿರಲ್ಲಮ್ಮ, ಇನ್ನೂರು ಅಂತ ಕಿವಿಗೆ ಬೀಳೋವರೆಗೆ."

ಇನ್ನೂರು ರೂಪಾಯಿ ಬಾಡಿಗೆ ನಮ್ಮ ಕೈಗೆಟುಕುವ ಮಾತಲ್ಲ. ಅರವತ್ತಕ್ಕೇ ತಿಂಗಳ ಕೊನೆಯ ವಾರ ಹಾಲು ಕಾಲು ಸೇರಿಗೆ ಇಳಿಯುತ್ತಿತ್ತು. ಆ ರಾತ್ರಿ ನಮ್ಮನೆಯವರು ತೊಲೆ ನೋಡುತ್ತ ಮಲಗಿದ್ದರು. ಬೆಳಿಗ್ಗೆ ಎದ್ದು, "ಇಷ್ಟು ದಪ್ಪ ಮರ, ನಮ್ಮ ಕಾಲಕ್ಕೇನೂ ಆಗಲ್ಲ. ದಿನಾ ಗುಡಿಸಿಬಿಡು. ಯಾರಿಗೂ ಕಾಣೋದು ಬೇಡ" ಎಂದರು. ಪುಡಿ ಗುಡಿಸಬಹುದು. ಆದರೆ ಮೊದಲ ಭಾನುವಾರದ ಗಳಕ್ಕೆ ಏನು ಮಾಡುವುದು?

ಉಪಾಯ ಹೊಳೆದದ್ದು ಅವರಿಗೇ ಎಂದು ಈಗಲೂ ನಾನು ನಮ್ಮನೆಯವರ ಮೇಲೆ ಹಾಕಬಹುದು. ಹಾಕುವುದಿಲ್ಲ. ಹೊಳೆದದ್ದು ನನಗೆ. ಮಗುವಿನ ಜೋಲಿ ಒಳಕೋಣೆಯ ಕೊಂಡಿಯಲ್ಲಿತ್ತು. ಅದನ್ನು ಬಿಚ್ಚಿ ಮುಂದಿನ ಕೋಣೆಯ ತೊಲೆಯ ಕೊಂಡಿಗೆ ಕಟ್ಟಿದೆ. ಭಾನುವಾರ ವಠಾರದಮ್ಮ ಬರುವ ಹೊತ್ತಿಗೆ ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಹಾಲು ಕುಡಿಸಿ, ಜೋಲಿಯಲ್ಲಿ ಮಲಗಿಸಿದ್ದೆ. ಅವರು ಹೊಸಿಲಲ್ಲಿ ನಿಂತರು. ನಾನು ತುಟಿಯ ಮೇಲೆ ಬೆರಳಿಟ್ಟು ಜೋಲಿ ತೋರಿಸಿದೆ. ಗಳ ಬಾಗಿಲಿಗೆ ಆನಿಸಿ, ತುದಿಗಾಲಲ್ಲಿ ಬಂದು, ಜೋಲಿಯ ಸೀರೆ ಸರಿಸಿ ಮಗುವಿನ ಮುಖ ನೋಡಿ, ಹಾಗೇ ಹಿಂದೆ ಸರಿದು ಹೊರಟುಹೋದರು. ನನಗೆ ಉಸಿರು ಬಂತು.

ಮುಂದಿನ ತಿಂಗಳೂ ಅದೇ. ಮೂರನೆಯ ತಿಂಗಳು ಬಾಗಿಲಲ್ಲಿ ನಿಂತು, "ಇವತ್ತೂ ಮಲಗೈತಾ?" ಎಂದು ಕೇಳಿದರು.

"ಈಗ ತಾನೇ ಕಣ್ಣು ಮುಚ್ತಮ್ಮ. ಎದ್ರೆ ಸಂಜೆವರೆಗೂ ಹಟ."

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ತೊಲೆ ನೋಡಿದರು. ನಾಲ್ಕನೆಯ ಮನೆಗೆ ಹೋದರು. ಅಷ್ಟು ಹೊತ್ತಿಗೆ ಪುಡಿ ಚಿಟಿಕೆಯ ಲೆಕ್ಕ ಬಿಟ್ಟು ಹಿಡಿಗೆ ಬಂದಿತ್ತು. ಒಮ್ಮೊಮ್ಮೆ, ಮನೆಯಲ್ಲಿ ಸದ್ದಿಲ್ಲದಾಗ, ಮೇಲಿನಿಂದ ಕಿರ್ ಕಿರ್ ಎನ್ನುವುದು ಕೇಳುತ್ತಿತ್ತು. ಹಲ್ಲಿಯೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ಭಾನುವಾರ ಕಳೆದು ಎರಡೋ ಮೂರೋ ದಿನ. ನಮ್ಮನೆಯವರದು ಬೆಳಗಿನ ಶಿಫ್ಟು. ಹತ್ತು ಗಂಟೆಯ ಸುಮಾರಿಗೆ ವಠಾರದಮ್ಮ ಒಂದು ಬಟ್ಟಲು ಹಿಡಿದು ಬಂದರು. ಮಗುವಿಗೆಂದು ತಾವೇ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ರಾಗಿ ಸರಿಯ ಹಿಟ್ಟು. "ಆರು ತಿಂಗ್ಳಾಯ್ತಲ್ಲ, ಇನ್ನು ಇದನ್ನ ಶುರು ಮಾಡು" ಎಂದು ಬಟ್ಟಲು ಕೊಟ್ಟು, ಜೋಲಿಯ ಬಳಿ ಹೋದರು. ಅಂದು ಬೆಳಗಿನ ಗುಡಿಸುವ ಕೆಲಸ ನನಗೆ ಇನ್ನೂ ಆಗಿರಲಿಲ್ಲ.

ಮಗುವಿನ ಕುಲಾವಿಯ ಮೇಲಿಂದ ಏನನ್ನೋ ಎರಡು ಬೆರಳಲ್ಲಿ ತೆಗೆದರು. ಉಜ್ಜಿ ನೋಡಿದರು. ಮೂಸಿದರು.

"ಇದು ರಾಗಿ ಅಲ್ಲ" ಎಂದರು.

ಮುಂದಿನದು ಎಷ್ಟು ಬೇಗ ನಡೆಯಿತೆಂದರೆ, ನನ್ನ ಕೈಯಲ್ಲಿ ಬಟ್ಟಲು ಹಾಗೇ ಇತ್ತು. ಮಗುವನ್ನು ಜೋಲಿಯಿಂದ ಎತ್ತಿ ಎದೆಗವಚಿಕೊಂಡು, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದರು.

"ನಡಿ ಆಚೆ."

"ಒಲೆ ಮೇಲೆ ಹಾಲಿದೆ ಅಮ್ಮ."

"ಉಕ್ಕಿ ಹೋಗ್ಲಿ. ನಡಿ."

ಅಂಗಳದಲ್ಲಿ ಮಗುವನ್ನು ನನ್ನ ಕೈಗೆ ಕೊಟ್ಟು, ಅಲ್ಲೇ ನಿಂತು ಬಲಗಿವಿಯ ಓಲೆ ಬಿಚ್ಚತೊಡಗಿದರು. ತಿರುಪು ಬೆರಳಿಗೆ ಸಿಗುತ್ತಿರಲಿಲ್ಲ. ಕೊನೆಗೆ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ಗಳ ತಂದು ಒಬ್ಬರೇ ಒಳಗೆ ಹೋದರು. ನಾನು ಬಾಗಿಲಿನಿಂದ ನೋಡುತ್ತಿದ್ದೆ. ಈ ಕಡೆಯ ತುದಿಗೆ ಬಡಿದರು, ಗಟ್ಟಿ ಸದ್ದು. ನಡುವೆ ಬಡಿದರು, ಒಣಗಿದ ಸೋರೆ ಬುರುಡೆ ಬಡಿದ ಹಾಗೆ ಕೇಳಿತು. ಗೋಡೆಯ ಕಡೆಯ ತುದಿಗೆ ಬಡಿದರು. ಸದ್ದೇ ಬರಲಿಲ್ಲ. ಗಳದ ತುದಿ ಒಳಕ್ಕೆ ಹೋಯಿತು.

ಹೊರಗೆ ಬಂದು ನನ್ನನ್ನು ಕೇಳಿದರು: "ಎಷ್ಟು ದಿನದಿಂದ ಬೀಳ್ತೈತೆ?"

"ಮೊನ್ನೆಯಿಂದ" ಎಂದೆ.

ಅವರು ಮೈಸೂರು ರಸ್ತೆಯ ಮರದ ಡಿಪೋದ ಹತ್ತಿರವಿದ್ದ ಬಡಗಿ ಆಚಾರರಿಗೆ ಹೇಳಿ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಆಚಾರರು ಇಬ್ಬರು ಆಳು, ಒಂದು ಗಾಡಿ ಸರ್ವೆ ಗಳದ ಸಮೇತ ಬಂದರು. ಸೂರಿಗೆ ಆಸರೆ ಕೊಡಲು ಗಳ ನಿಲ್ಲಿಸಬೇಕು, ಅದಕ್ಕೆ ಕೋಣೆಯ ಸಾಮಾನು ಖಾಲಿಯಾಗಬೇಕು. ಆಳುಗಳು ನಮ್ಮ ಟ್ರಂಕು ಎತ್ತಿ ಅಂಗಳಕ್ಕೆ ಇಡುವುದಕ್ಕೂ ನಮ್ಮನೆಯವರು ಶಿಫ್ಟು ಮುಗಿಸಿ ಬಾಗಿಲು ದಾಟಿ ಬರುವುದಕ್ಕೂ ಸರಿಹೋಯಿತು.

ಅಂಗಳದಲ್ಲಿ ತಮ್ಮ ಟ್ರಂಕು ನೋಡಿ ಅವರ ಮುಖ ಕಪ್ಪಿಟ್ಟಿತು. ಟ್ರಂಕನ್ನು ಎತ್ತಿಕೊಂಡು ಒಳಗೆ ಹೋಗಿ, ಸರಿಯಾಗಿ ತೊಲೆಯ ಕೆಳಗಿಟ್ಟು, ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟರು.

"ಇದೇನ್ರೀ, ಏಳಿ" ಎಂದು ನಾನು ಹೊರಗಿನಿಂದ ಕೂಗಿದೆ.

"ನೀನು ಸುಮ್ನಿರು. ರಿಪೇರಿ ಅಂತೆ ರಿಪೇರಿ. ಅಮ್ಮ, ನಾನು ಬರವಣಿಗೇಲಿ ಬೇಕು ಅಂತೀನಿ. ಇದೇ ಮನೆ, ಇದೇ ಬಾಡಿಗೆಗೆ ವಾಪಸ್ ಕೊಡ್ತೀನಿ ಅಂತ. ಅಲ್ಲೀವರೆಗೆ ನಾನು ಏಳಲ್ಲ."

"ನಂಗೆ ಬರೆಯಾಕೆ ಬರಾಕಿಲ್ಲ ಕಣಪ್ಪ."

"ಹಂಗಾದ್ರೆ ನಂಗೆ ಏಳೋಕೆ ಬರಲ್ಲ."

ವಠಾರವೆಲ್ಲ ಅಂಗಳದಲ್ಲಿ ಸೇರಿತ್ತು. ಗುಮಾಸ್ತರು ಇನ್ನೂ ಕೋರ್ಟಿನಿಂದ ಬಂದಿರಲಿಲ್ಲ. ಆಚಾರರು ಹೊಸಿಲಿನಿಂದಲೇ ಮೇಲೆ ನೋಡಿ, ತಗ್ಗಿದ ದನಿಯಲ್ಲಿ, "ಸ್ವಾಮಿ, ಆ ಗೋಡೆ ಕಡೆ ತೊಲೆ ಬಣ್ಣದ ಮೇಲೆ ನಿಂತಿದೆ, ಮರದ ಮೇಲಲ್ಲ" ಎಂದರು. ನಮ್ಮನೆಯವರು ಕದಲಲಿಲ್ಲ. ನನ್ನ ಮಗಳು ಹೆಗಲ ಮೇಲೆ ಅಳತೊಡಗಿದಳು. ಮೂರು ತಿಂಗಳು ನಾನೇ ಅವಳನ್ನು ಮಲಗಿಸಿದ ಜಾಗದಲ್ಲಿ ಅವಳ ಅಪ್ಪ ಕೂತಿದ್ದರು.

ವಠಾರದಮ್ಮ ಚಪ್ಪಲಿ ಕಳಚಿ ಒಳಗೆ ಹೋದರು. ನಮ್ಮನೆಯವರ ಪಕ್ಕದಲ್ಲಿ, ಅದೇ ತೊಲೆಯ ಕೆಳಗೆ, ಮಂಡಿಗೆ ಕೈಕೊಟ್ಟು ನಿಧಾನವಾಗಿ ಕೂತರು.

"ಹಂಗಾರೆ ನಾನೂ ಕೂತ್ಕೊತೀನಿ. ಬಿದ್ರೆ ಇಬ್ರ ಮ್ಯಾಲೂ ಬೀಳ್ಲಿ. ನಾಳೆ ಪೇಪರ್‌ನಾಗೆ ಹಾಕ್ತಾರೆ."

"ಅಮ್ಮ, ನೀವು ಏಳಿ. ನಿಮಗೂ ಇದಕ್ಕೂ ಸಂಬಂಧ ಇಲ್ಲ."

"ಮನೆ ನಂದು, ಸಂಬಂಧ ಇಲ್ವಾ? ಚೆನ್ನಾಗೈತೆ."

ಮೇಲಿನಿಂದ ಪುಡಿ ಉದುರಿತು. ಅವರ ನರೆತ ತಲೆಯ ಮೇಲೆ ತೆಳ್ಳಗೆ ಕೂತಿತು. ಅವರು ಒರೆಸಿಕೊಳ್ಳಲಿಲ್ಲ. ಸೊಂಟದ ಚೀಲಕ್ಕೆ ಕೈಹಾಕಿ, ತಮ್ಮ ಮನೆಯ ಬೀಗದ ಕೈ ತೆಗೆದು ನಮ್ಮನೆಯವರ ಮುಂದಿಟ್ಟರು.

"ಈ ಮನೆಗೆ ನಿನ್ ಬೀಗ ನೀನೇ ಹಾಕ್ಕೊ. ನನ್ ಬೀಗ ಇದಕ್ಕೆ ಬೀಳಾದೇ ಬ್ಯಾಡ. ಕೆಲಸ ಮುಗಿಯೋಗಂಟ ಹೆಂಡ್ತಿ ಮಗು ಕರ್ಕೊಂಡು ನನ್ ಮನೇಲಿರು. ಅದರ ಕೈಯೂ ನಿನ್ ಹತ್ರವೇ ಇರ್ಲಿ. ನಾನು ನಿನ್ನ ಎಬ್ಬಿಸಿದ್ರೆ, ನೀನೂ ನನ್ನ ಎಬ್ಬಿಸ್ಬುಡು. ಸರೋಯ್ತಾ?"

ನಮ್ಮನೆಯವರು ಆ ಬೀಗದ ಕೈಯನ್ನೇ ನೋಡುತ್ತಿದ್ದರು. ತಲೆ ಬಗ್ಗಿಸಿಯೇ ಹೇಳಿದರು: "ನೀವು ಮೊದಲು ಏಳಿ ಅಮ್ಮ."

"ನೀನು ಏಳು."

"ದೊಡ್ಡವರು ನೀವು, ಮೊದಲು ಏಳಿ ಅಂದ್ನಲ್ಲ."

"ದೊಡ್ಡೋಳ ಮಾತು ಕೇಳೋನಾಗಿದ್ರೆ ಇಲ್ಲಿ ಕೂರ್ತಿದ್ಯಾ?"

ಆಚಾರರಿಗೆ ತಡೆಯಲಾಗಲಿಲ್ಲ. "ಇಬ್ರೂ ಒಟ್ಟಿಗೇ ಏಳ್ರಪ್ಪ. ನಿಮ್ಮ ಮರ್ಯಾದೆ ಮುಗಿಯೋವರೆಗೆ ತೊಲೆ ಕಾಯೋದಿಲ್ಲ" ಎಂದರು. ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ನಮ್ಮನೆಯವರು ಎದ್ದು, ಕೈ ಕೊಟ್ಟು ಅವರನ್ನೂ ಎಬ್ಬಿಸಿ, ಟ್ರಂಕು ಎತ್ತಿಕೊಂಡು ಹೊರಗೆ ಬಂದರು. ಬೀಗದ ಕೈ ಅವರ ಮುಷ್ಟಿಯಲ್ಲಿತ್ತು.

ಆಳುಗಳು ಅವಸರದಲ್ಲಿ ಸರ್ವೆ ಗಳಗಳನ್ನು ಎರಡು ಸಾಲಾಗಿ ನಿಲ್ಲಿಸಿ ಜಂತೆಗಳಿಗೆ ಆನಿಸಿದರು. ಕೊನೆಯ ಗಳದ ಬುಡಕ್ಕೆ ಬೆಣೆ ಹೊಡೆದು ಹೊರಗೆ ಬಂದು ಬೀಡಿ ಹಚ್ಚಿದ್ದರು ಅಷ್ಟೆ. ಒಳಗಿನಿಂದ ಒಂದು ಸದ್ದು ಬಂತು, ಕಬ್ಬು ಮುರಿದ ಹಾಗೆ. ತೊಲೆಯ ತುದಿ ಗೋಡೆಯಿಂದ ಕಳಚಿ, ಸೂರು ಎರಡು ಬೆರಳಷ್ಟು ಕುಸಿದು, ಗಳಗಳ ಮೇಲೆ ಕೂತಿತು. ಗಾರೆಯ ಧೂಳು ಬಾಗಿಲಿನಿಂದ ಹೊರಕ್ಕೆ ನುಗ್ಗಿತು. ಜೋಲಿ ಕಟ್ಟಿದ್ದ ಕೊಂಡಿ ಒಂದು ತುಂಡು ಮರದ ಸಮೇತ ಕಿತ್ತು ನೆಲಕ್ಕೆ ಬಿದ್ದಿತ್ತು.

ನಮ್ಮನೆಯವರು ಗೋಡೆ ಹಿಡಿದು ಕೂತರು. ವಠಾರದಮ್ಮ ನನ್ನ ಬಳಿ ಬಂದು, "ಮಗಾನ ಇನ್ನೊಂದ್ಸಲ ಕೊಡವ್ವ" ಎಂದರು. ಎತ್ತಿಕೊಂಡು, ಕುಲಾವಿ ತೆಗೆದು, ಅದರ ತಲೆಯ ಮೇಲೆ ಅಂಗೈಯಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು.

ಮರುದಿನ ಹೊಸ ತೊಲೆ ಎಲ್ಲಿಂದ ಬರುತ್ತದೆಂದು ನಾನು ಗಾಡಿಗಾಗಿ ರಸ್ತೆ ನೋಡುತ್ತಿದ್ದೆ. ಗಾಡಿ ಬರಲಿಲ್ಲ. ಗಂಡಸರೆಲ್ಲ ಬಾವಿಯ ಹಿಂದಕ್ಕೆ ಹೋದರು. ನಾವು ವರ್ಷಗಟ್ಟಲೆ ಕೂತು ಅವರೆ ಸುಲಿದ ಹೊನ್ನೆ ಮರವನ್ನು ಹೆಗಲ ಮೇಲೆ ಹೊತ್ತು ತಂದರು. ಡಬ್ಬ ಒಮ್ಮೆ ತುಂಬಿದಾಗ, ನಾವು ಆ ವಠಾರಕ್ಕೆ ಕಾಲಿಡುವ ಮೊದಲೇ, ವಠಾರದಮ್ಮ ಅದನ್ನು ಕೊಂಡಿಟ್ಟಿದ್ದರಂತೆ. ಎಂಟು ಮನೆಗೂ ಒಂದೇ ಅಳತೆ. ಯಾವ ಮನೆಯ ತೊಲೆ ಮೊದಲು ಹೋದರೂ ಅದಕ್ಕೆ ಆಗಬೇಕು. ಬಿಸಿಲು ತಾಗದಂತೆ, ನೆಲ ಮುಟ್ಟದಂತೆ, ವರ್ಷಕ್ಕೊಮ್ಮೆ ಮಗ್ಗುಲು ಬದಲಿಸಿ ಒಣಗಿಸಿದ ಮರ. "ಹಸಿ ಮರ ಏರಿಸಿದ್ರೆ ವರ್ಸದಾಗೆ ಸೊಟ್ಟ ಆಯ್ತದೆ. ದುಡ್ಡು ಡಬ್ಬದಾಗೆ ಕರಗ್ತದೆ, ಮರ ಹೊರಗೆ ಒಣಗ್ತದೆ. ಯಾವ್ದು ಲಾಭ ನೀನೇ ಹೇಳು" ಎಂದರು. ಹಳೆಯ ತೊಲೆ ಇಳಿಸಿದಾಗ ಆಚಾರರು ಅದರ ತುದಿಯೊಳಗೆ ಕೈ ತೂರಿಸಿದರು. ಮೊಣಕೈವರೆಗೆ ಹೋಯಿತು.

ಹನ್ನೊಂದು ದಿನ ನಾವು ವಠಾರದಮ್ಮನ ಮನೆಯಲ್ಲಿದ್ದೆವು. ಬೀಗದ ಕೈ ನಮ್ಮನೆಯವರ ಜೇಬಿನಲ್ಲೇ ಇತ್ತು. ವಠಾರದಮ್ಮ ಮಾರ್ಕೆಟ್ಟಿಗೆ ಹೋಗಿ ಬಂದಾಗ ತಮ್ಮ ಮನೆಯ ಜಗಲಿಯ ಮೇಲೆ ಕೂತು ನಮಗಾಗಿ ಕಾಯುತ್ತಿದ್ದರು. ಎರಡನೆಯ ದಿನವೇ ನಮ್ಮನೆಯವರು ನಾಚಿ ವಾಪಸು ಕೊಡಲು ಹೋದರೆ, "ಮಾತು ಮಾತೇ. ಕೆಲಸ ಮುಗೀಲಿ" ಎಂದು ತೆಗೆದುಕೊಳ್ಳಲಿಲ್ಲ. ಕೆಲಸ ಮುಗಿದ ದಿನ ತೆಗೆದುಕೊಂಡರು. ಬಾಡಿಗೆ ಅರವತ್ತೇ ಉಳಿಯಿತು. ನಮ್ಮನೆಯವರು ಅವರ ಅಡುಗೆ ಕೋಣೆಯ ತಾರಸಿಯ ಮೇಲೆ ಹತ್ತಿ, ಎರಡು ಭಾನುವಾರ ಕೂತು, ಸೋರುವ ಕಡೆಯೆಲ್ಲ ಗಾರೆ ಮೆತ್ತಿದರು. ಗುಮಾಸ್ತರು ಕೆಳಗಿನಿಂದ 'ಅಲ್ಲೊಂದು ಬಿರುಕಿದೆ ನೋಡಿ' ಎಂದು ತೋರಿಸುತ್ತಿದ್ದರು. ಆಚಾರರ ಕೂಲಿ ಕೊಟ್ಟು ಬರಿದಾಗಿದ್ದ ದೊಡ್ಡ ಡಬ್ಬದಲ್ಲಿ ಆ ತಿಂಗಳಿನಿಂದಲೇ ವಠಾರದಮ್ಮ ಇನ್ನೊಂದು ಮರಕ್ಕೆಂದು ಕೂಡಿಸತೊಡಗಿದರು. "ಇನ್ನು ಏಳು ಮನೆ ಐತೆ." ಮೂರು ವರ್ಷಕ್ಕೆ ಬಾವಿಯ ಹಿಂದೆ ಇನ್ನೊಂದು ಮರ ಬಂದು ಮಲಗಿತು. ಅಷ್ಟು ದಿನ ನಾವು ಹೆಂಗಸರು ನಿಂತೇ ಹರಟಿದೆವು.

ಆದರೆ ನಾನು ಹೇಳಿದ ಸುಳ್ಳು ಹಾಗೇ ಇತ್ತು. ದಿನಾ ಅವರ ಮುಖ ನೋಡುತ್ತಿದ್ದೆ, ಹೇಳಲು ಬಾಯಿ ಬರುತ್ತಿರಲಿಲ್ಲ. ಮಗಳು ಸ್ಕೂಲಿಗೆ ಹೋಗತೊಡಗಿದ ವರ್ಷ ಅವರು ಮಲಗಿದರು. ಎದೆಯಲ್ಲಿ ನೀರು ಎಂದರು ಡಾಕ್ಟರು. ಹಳ್ಳಿಯಿಂದ ಅವರ ಮಗಳು ಬಂದು ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಆಕೆ ನಲ್ಲಿಗೆ ಹೋದಾಗ ನಾನು ಗಂಜಿ ಕುಡಿಸುತ್ತ ಹೇಳಿಬಿಟ್ಟೆ.

"ಅಮ್ಮ, ಆವತ್ತು ಮೊನ್ನೆಯಿಂದ ಅಂದೆನಲ್ಲ, ಅದು ಸುಳ್ಳು. ಮೂರು ತಿಂಗಳಿಂದ ಬೀಳ್ತಿತ್ತು. ನೀವು ಬಡೀಬಾರದು ಅಂತಲೇ ನಾನು ಜೋಲಿ ಅಲ್ಲಿ ಕಟ್ಟಿದ್ದು."

ಅವರು ಗಂಜಿ ನುಂಗಿ, ಬಾಯಿ ಒರೆಸಿಕೊಂಡರು. "ಗೊತ್ತಿತ್ತು ಕಣವ್ವ. ಒಳಗಡೆ ಬೆಚ್ಚಗೆ ಕೊಂಡಿ ಇಟ್ಕೊಂಡು, ಬಾಗ್ಲ ಗಾಳೀಲಿ ಯಾರು ಮಗಾನ ತೂಗ್ತಾರೆ? ಎಲ್ಡನೇ ತಿಂಗ್ಳೇ ಅನುಮಾನ ಬಂತು."

"ಮತ್ಯಾಕಮ್ಮ ಬಡೀಲಿಲ್ಲ?"

"ಮಗ ಮಲಗಿತ್ತಲ್ಲ. ಎಬ್ಬಿಸಾಕೆ ಮನಸು ಬರ್ಲಿಲ್ಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ತಪ್ಪು ನಿಂದು ಅರ್ಧ, ನಂದು ಅರ್ಧ. ಆ ಮೂರು ತಿಂಗ್ಳು ನಿಮ್ಮನೆ ಬಾಡಿಗೇಲಿ ನನ್ ಪಾಲೂ ಡಬ್ಬಕ್ಕೇ ಹಾಕ್ಬುಟ್ಟೆ. ಒಂದು ರೂಪಾಯೂ ಮುಟ್ಲಿಲ್ಲ. ಬಡೀದೆ ಬಾಡಿಗೆ ಹ್ಯಾಗವ್ವ ತಿನ್ನಾದು?"

ನಾನು ಚಮಚ ಹಿಡಿದು ಹಾಗೇ ಕೂತಿದ್ದೆ. "ಗಂಜಿ ಆರ್ತೈತೆ" ಎಂದರು.

ಅದಾಗಿ ಎಂಟು ದಿನಕ್ಕೆ ಹೋದರು. ತಿಂಗಳ ಕೊನೆ. ಊರಿನವರು ಬಂದು ಹಳ್ಳಿಗೆ ಒಯ್ದರು. ವಠಾರದ ಎಂಟೂ ಮನೆಯ ಗಂಡಸರು ಹೆಗಲು ಕೊಟ್ಟು ವ್ಯಾನಿನವರೆಗೆ ಹೊತ್ತರು. ಗುಮಾಸ್ತರು ಅಳುತ್ತಿದ್ದರು.

ಆಮೇಲಿನ ಮೊದಲ ಭಾನುವಾರ ಅವರ ಮಗಳು ಜಗಲಿಯ ಮೇಲೆ ಬಂದು ಕೂತಳು. ಮೂರು ಡಬ್ಬ ಪಕ್ಕದಲ್ಲಿತ್ತು. ನಾವೆಲ್ಲ ಬಾಡಿಗೆ ಹಿಡಿದು ಅಂಗಳದಲ್ಲಿ ನಿಂತಿದ್ದೆವು. ಯಾರೂ ಮುಂದೆ ಹೋಗುತ್ತಿರಲಿಲ್ಲ. ಆಕೆ ನಮ್ಮನ್ನು ನೋಡಿ, "ಏನ್ ಮಾಡ್ಬೇಕು ಅಂತ ನಂಗೊಂದೂ ಗೊತ್ತಾಗಾಕಿಲ್ಲ ಕಣಕ್ಕ. ಅವ್ವ ಮೊದ್ಲು ಏನ್ ಮಾಡೋಳು?" ಎಂದು ನನ್ನನ್ನು ಕೇಳಿದಳು.

ಬಿದಿರು ಗಳ ಬಾಗಿಲ ಮೂಲೆಯಲ್ಲಿ ಹಾಗೇ ಒರಗಿತ್ತು. ನಾನು ಬಲಗಿವಿಯ ಓಲೆ ಬಿಚ್ಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಗಳ ಎತ್ತಿಕೊಂಡು ಒಂದನೆಯ ಮನೆಯ ಹೊಸಿಲಲ್ಲಿ ನಿಂತು, "ಒಳಗೆ ಬರ್ಲಾ?" ಎಂದು ಕೇಳಿದೆ.